ಅರೇಬಿಕಾ ಕಿತ್ತು ರೊಬಸ್ಟಾ ಹಾಕೋದಾ? ಕಳಸದ 4 ಎಕರೆಯ ಪ್ರಶ್ನೆ

ಹೂಮಳೆ (ಕಳಸ)

ಎಲ್ಲರಿಗೂ ನಮಸ್ಕಾರ. ಕಳಸದ ಹತ್ತಿರ ನಮ್ಮದು 4 ಎಕರೆ ಕಾಫಿ ತೋಟ. ಎತ್ತರ ಸುಮಾರು 3,200 ಅಡಿ. ಅಜ್ಜ ಹಾಕಿದ ಅರೇಬಿಕಾ, ಹೆಚ್ಚಿನದು ಎಸ್. 795 ಅನ್ನುವ ತಳಿ. ನೆರಳಿಗೆ ಹಾಲುವಾಣ, ಸಿಲ್ವರ್ ಓಕ್, ಜೊತೆಗೆ ಹಳೇ ಕಾಲದ ಅತ್ತಿ, ಹೆಬ್ಬಲಸು, ನಂದಿ ಮರಗಳಿವೆ. ಮರಗಳ ಮೇಲೆ ಮೆಣಸಿನ ಬಳ್ಳಿ.

ಹೋದ ವರ್ಷ ಬೋರರ್ (ಕಾಂಡ ಕೊರೆಯುವ ಹುಳು) ಹೊಡೆದ 300 ಗಿಡ ಕಿತ್ತು ಸುಟ್ಟೆವು. ಈ ವರ್ಷ ಟ್ರೇಸಿಂಗ್ ಮಾಡಿದಾಗ, ಅಂದರೆ ಹುಳು ಬಿದ್ದ ಗಿಡ ಹುಡುಕಿದಾಗ, ಹೆಚ್ಚುಕಡಿಮೆ ಮತ್ತೆ ಅಷ್ಟೇ ಸಿಕ್ಕವು. ಅಪ್ಪನಿಗೆ ಸಾಕಾಗಿಹೋಗಿದೆ. "ಎಲ್ಲ ಕಿತ್ತು ರೊಬಸ್ಟಾ ಹಾಕೋಣ. ರೇಟೂ ಚೆನ್ನಾಗಿದೆ, ಬೋರರ್ ಕಾಟವೂ ಇಲ್ಲ" ಅನ್ನುತ್ತಾರೆ. ಅಜ್ಜಿ ಸುತರಾಂ ಒಪ್ಪುತ್ತಿಲ್ಲ. "ಬಾಬಾಬುಡನ್ ತಂದ ಏಳು ಬೀಜದ ಸಂತಾನ ಇದು, ಬುಡಸಮೇತ ಕೀಳ್ತೀರಾ?" ಅಂತ ಕೇಳಿದರು. ಅಪ್ಪ ಉತ್ತರ ಕೊಡದೆ ಎದ್ದು ಹೋದರು.

ಅಜ್ಜಿ ಹೇಳಿದ್ದು ಎಷ್ಟು ನಿಜ? ರೊಬಸ್ಟಾಕ್ಕೆ ಹೋಗುವುದು ಸರಿಯಾ? ಎರಡೂ ಬೇರೆ ಬೇರೆ ಪ್ರಶ್ನೆ ಅಂತ ಗೊತ್ತು. ಆದರೆ ನಮ್ಮ ಮನೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ತಿಳಿದವರು ದಯವಿಟ್ಟು ಬರೆಯಿರಿ.

ಕಣದಂಗಳ (ಮೂಡಿಗೆರೆ)

ತಂಗಿ, ಅವಸರ ಮಾಡಬೇಡಿ. ಮೊದಲು ಮೂರು ವಿಷಯ ಹೇಳಿ. ಬೋರರ್ ಬಿದ್ದ ಗಿಡಗಳು ತೋಟದ ತುಂಬ ಚದುರಿವೆಯಾ, ಒಂದೇ ಕಡೆ ಇವೆಯಾ? ಅಲ್ಲಿ ನೆರಳು ಹೇಗಿದೆ? ನೀರು ಏನಿದೆ?

ಹೂಮಳೆ (ಕಳಸ)

ಚದುರಿಲ್ಲ ಅಣ್ಣ. ಮುಕ್ಕಾಲು ಪಾಲು ಮೇಲಿನ ಪಡುವಣ ಇಳಿಜಾರಿನಲ್ಲೇ. ಮೂರು ವರ್ಷದ ಹಿಂದೆ ಗಾಳಿಗೆ ಅಲ್ಲಿ ದೊಡ್ಡ ಮರಗಳು ಬಿದ್ದವು. ಬದಲಿಗೆ ಸಿಲ್ವರ್ ಓಕ್ ಹಾಕಿದೆವು, ಇನ್ನೂ ಸಣ್ಣವು. ನೀರು ಅಂದರೆ ಕೆಳಗೆ ಒಂದು ಹಳ್ಳ ಇದೆ. ಫೆಬ್ರವರಿ ಕೊನೆಗೆ ಬೆರಳು ಗಾತ್ರ ಹರಿಯುತ್ತದೆ.

ಗಿರಿಪಾದದ ಮೇಷ್ಟ್ರು (ಚಿಕ್ಕಮಗಳೂರು)

ತೋಟದ ವಿಷಯ ಬೆಳೆಗಾರರು ಹೇಳುತ್ತಾರೆ. ನಾನು ಇತಿಹಾಸ ಪಾಠ ಮಾಡಿದವನು. ಅಜ್ಜಿಯ ಮಾತಿಗೆ ಬರುತ್ತೇನೆ.

ಅರೇಬಿಕಾದ ತವರು ಇಥಿಯೋಪಿಯಾದ ನೈರುತ್ಯ ಭಾಗದ ಎತ್ತರದ ಕಾಡು. ಆದರೆ ಅದನ್ನು ಬೆಳೆಯಾಗಿ ಬೆಳೆದು ಮಾರಿದ್ದು ಕೆಂಪು ಸಮುದ್ರದ ಆಚೆ ದಡದ ಯೆಮನ್. 15ನೇ ಶತಮಾನದಲ್ಲಿ ಅಲ್ಲಿನ ಸೂಫಿಗಳು ರಾತ್ರಿಯ ಧ್ಯಾನಕ್ಕೆ ನಿದ್ದೆ ಬಾರದಿರಲಿ ಅಂತ ಕಾಫಿ ಕುಡಿಯುತ್ತಿದ್ದರು. ಮೋಖಾ ಬಂದರಿನಿಂದ ಅದು ಹಡಗು ಹತ್ತುತ್ತಿತ್ತು. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬರು ಕಾಯುತ್ತಿದ್ದರು ಅನ್ನುತ್ತಾರೆ. ಹಜ್ ಮುಗಿಸಿ ಬರುವಾಗ ಬಾಬಾಬುಡನ್ ಏಳು ಬೀಜ ಬಚ್ಚಿಟ್ಟು ತಂದು ನಮ್ಮ ಚಂದ್ರದ್ರೋಣ ಬೆಟ್ಟದಲ್ಲಿ ಊರಿದರು ಅನ್ನುವುದು ಇಲ್ಲಿನ ನಂಬಿಕೆ. 1670ರ ಸುಮಾರು ಅಂತ ಹೇಳುತ್ತಾರೆ. ಏಳು ಅನ್ನುವ ಲೆಕ್ಕ, ಆ ವರ್ಷ, ಎರಡೂ ಬಾಯಿಂದ ಬಾಯಿಗೆ ಬಂದವು.

ಆದರೆ ಸುಮ್ನೆ ಕತೆ ಅಂತ ತಳ್ಳಿಹಾಕಬೇಡಿ. 1696ರಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಜಾವಾಕ್ಕೆ ಕಾಫಿ ಸಸಿ ಕಳಿಸಿದರು. ಅವು ನೆರೆಗೆ ಕೊಚ್ಚಿಹೋದವು. 1699ರಲ್ಲಿ ಮತ್ತೆ ಕಳಿಸಿದರು, ಅವು ಬದುಕಿದವು. ಅಂದರೆ 17ನೇ ಶತಮಾನ ಮುಗಿಯುವ ಮೊದಲೇ ಪಶ್ಚಿಮ ಘಟ್ಟದ ಸೀಮೆಯಲ್ಲಿ ಹಂಚುವಷ್ಟು ಕಾಫಿ ಇತ್ತು ಅಂತಾಯಿತು. ಜಾವಾದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಮರಿಯೊಂದನ್ನು 1714ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಉಡುಗೊರೆ ಕೊಟ್ಟರು. ಅಲ್ಲಿಂದ ಕೆಲವೇ ವರ್ಷಕ್ಕೆ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪ. 1727ರಲ್ಲಿ ಬ್ರೆಜಿಲ್. ಈ ದಾರಿಯಲ್ಲಿ ಹೋದ ತಳಿಗೆ ಟಿಪಿಕಾ ಅಂತ ಹೆಸರು. ಪ್ರಪಂಚದ ಎಲ್ಲ ಕಾಫಿಯೂ ನಮ್ಮ ಗಿರಿಯಿಂದಲೇ ಹೋಯಿತು ಅಂತ ಕೆಲವರು ಭಾಷಣ ಮಾಡುತ್ತಾರೆ. ಅದು ತಪ್ಪು. ಬೂರ್ಬನ್ ಅನ್ನುವ ಇನ್ನೊಂದು ದೊಡ್ಡ ತಳಿಯನ್ನು ಫ್ರೆಂಚರು ಯೆಮನ್‌ನಿಂದಲೇ ನೇರ ತಮ್ಮ ಬೂರ್ಬನ್ ದ್ವೀಪಕ್ಕೆ ಒಯ್ದರು. ನಮಗೆ ಹೆಮ್ಮೆ ಪಡಲು ಇರುವುದೇ ಸಾಕಷ್ಟಿದೆ, ಇಲ್ಲದ್ದನ್ನು ಸೇರಿಸಬೇಕಿಲ್ಲ.

ಇನ್ನೊಂದು ಮಾತು. ಬೀಜ ಬಂದು 150 ವರ್ಷದಷ್ಟು ಕಾಲ ಕಾಫಿ ಇಲ್ಲಿ ದೊಡ್ಡ ಹಣದ ಬೆಳೆ ಆಗಿರಲಿಲ್ಲ. ಗಿರಿಯ ಸುತ್ತ ಅಷ್ಟಿಷ್ಟು ಬೆಳೆಯುತ್ತಿದ್ದರು. 1830ರ ದಶಕದಲ್ಲಿ ಥಾಮಸ್ ಕ್ಯಾನನ್ ಥರದ ಬ್ರಿಟಿಷರು ಬಂದು ಕಾಡು ಸವರಿ ಎಸ್ಟೇಟ್ ಮಾಡಿದರು. 1850ರ ದಶಕಕ್ಕೆ ಕೊಡಗಿನಲ್ಲೂ ಶುರುವಾಯಿತು. ಗಿಡವನ್ನು ತೋಟದ ಬೆಳೆ ಮಾಡಿದ್ದು ಅವರ ಬಂಡವಾಳ ಮತ್ತು ಲಂಡನ್ ಮಾರುಕಟ್ಟೆ.

ಲೈನ್‌ಮನೆ ಮಗ (ಬೆಂಗಳೂರು)

ಮೇಷ್ಟ್ರೇ, ಕೈ ಮುಗಿದು ಒಂದು ಸೇರಿಸುತ್ತೇನೆ. ಬಂಡವಾಳ, ಮಾರುಕಟ್ಟೆ ಸರಿ. ಕಾಡು ಸವರಿದ ಕೈ ಯಾರದ್ದು? ನಮ್ಮ ಮುತ್ತಜ್ಜ ಘಟ್ಟದ ಕೆಳಗಿನಿಂದ ಮೇಸ್ತ್ರಿ ಕೊಟ್ಟ ಮುಂಗಡ ತಗೊಂಡು ಗುಡ್ಡ ಹತ್ತಿದವರು. ಆ ಮುಂಗಡ ತೀರಿಸಲು ಒಂದು ಜನ್ಮ ಸಾಕಾಗಲಿಲ್ಲ, ಅಜ್ಜನೂ ಅದೇ ತೋಟದಲ್ಲಿ ದುಡಿದರು. ನಾನು ಹುಟ್ಟಿದ್ದು ತೋಟದ ಕೂಲಿಗಳ ಸಾಲುಮನೆಯಲ್ಲಿ, ಅದೇ ಲೈನ್ ಮನೆ. ಅಮ್ಮ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆ ಮಂಜಿನಲ್ಲಿ ನೆನೆದ ಗಿಡಕ್ಕೆ ಮೈ ಕೊಟ್ಟು ಹಣ್ಣು ಬಿಡಿಸುತ್ತಿದ್ದರು. ಸಂಜೆ ತೂಕದ ಮುಂದೆ ಸಾಲು ನಿಲ್ಲುತ್ತಿದ್ದರು. ಬೆರಳ ತುದಿ ವರ್ಷಪೂರ್ತಿ ಕಪ್ಪು.

ಬ್ರೆಜಿಲ್‌ನಲ್ಲಿ 1888ರವರೆಗೂ ಗುಲಾಮರ ಕೈಯಿಂದಲೇ ಕಾಫಿ ಬೆಳೆಸಿದರು. ನಮ್ಮಲ್ಲಿ ತೋಟದ ಕೂಲಿಗಳಿಗೆ ಮನೆ, ನೀರು, ಆಸ್ಪತ್ರೆ, ಕೂಸಿನ ಮನೆ ಕೊಡಬೇಕು ಅಂತ ಕಾನೂನು ಬಂದದ್ದು 1951ರಲ್ಲಿ. ಕಾಫಿಯ ಕತೆ ಹೇಳುವಾಗ ಏಳು ಬೀಜದ ಜೊತೆ ಇದನ್ನೂ ಹೇಳಬೇಕು ಅಂತ ನನ್ನ ಆಸೆ.

ಹೂಮಳೆ ಅವರೇ, ನಿಮ್ಮದು ಸಣ್ಣ ತೋಟ, ನಿಮ್ಮ ಮನೆಯವರೇ ದುಡಿಯುತ್ತೀರಿ ಅಂದುಕೊಳ್ಳುತ್ತೇನೆ. ರೊಬಸ್ಟಾಕ್ಕೆ ಹೋದರೆ ಕುಯ್ಲು ತಡ ಆಗುತ್ತದೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಆ ಹೊತ್ತಿಗೆ ಆಳು ಸಿಗುತ್ತಾರಾ ನೋಡಿಕೊಳ್ಳಿ. ಈಗ ನಿಮ್ಮ ಕಡೆಯ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೇ ಜಾಸ್ತಿ ಅಲ್ವಾ?

ಗಿರಿಪಾದದ ಮೇಷ್ಟ್ರು (ಚಿಕ್ಕಮಗಳೂರು)

ನೀವು ಹೇಳಿದ್ದು ಸತ್ಯ. ಅದನ್ನು ನಾನೇ ಮೊದಲು ಬರೆಯಬೇಕಿತ್ತು. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಸಿದ್ದಾಪುರ ರೊಬಸ್ಟಾ (ಕೊಡಗು)

ನಾನು ಅಪ್ಪನ ಪರ. ನಮ್ಮದು 12 ಎಕರೆ, ಪೂರ್ತಿ ರೊಬಸ್ಟಾ. ಇಂದು ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ರೊಬಸ್ಟಾವೇ. ಜನ ಸುಮ್ನೆ ಬದಲಾಗಿಲ್ಲ. ಬಿಳಿ ಕಾಂಡಕೊರಕ, ಅಂದರೆ ನೀವು ಹೇಳಿದ ಬೋರರ್, ಇದರ ಕಡೆ ಬರುವುದಿಲ್ಲ. ಎಲೆ ತುಕ್ಕು ರೋಗಕ್ಕೆ ಅರೇಬಿಕಾದ ಹಾಗೆ ಸೋಲುವುದಿಲ್ಲ. ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಖರ್ಚು ಕಮ್ಮಿ. ಹಣ್ಣಾದರೂ ಬೇಗ ಉದುರುವುದಿಲ್ಲ, ಒಂದೆರಡು ಸುತ್ತಿನಲ್ಲಿ ಕುಯ್ಲು ಮುಗಿಸಬಹುದು. ಅರೇಬಿಕಾಕ್ಕೆ ಮೊದಲು ಹಣ್ಣಾದದ್ದನ್ನು ಆರಿಸುವ ಫ್ಲೈ ಪಿಕ್ಕಿಂಗ್‌ನಿಂದ ಹಿಡಿದು ನಾಲ್ಕು ಸುತ್ತು ಬೇಕು. ವಯಸ್ಸಾದ ಅಪ್ಪನಿಗೆ ಯಾವುದು ಹಗುರ, ನೀವೇ ಹೇಳಿ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಮೊಗ್ಗು ಅರಳಿಸುವ ಹೂ ಮಳೆ ಫೆಬ್ರವರಿ ಕೊನೆ, ಮಾರ್ಚಿಗೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಇಪ್ಪತ್ತು ದಿನಕ್ಕೆ ಮತ್ತೊಂದು ಸಲ ನೀರು, ಅದಕ್ಕೆ ಬ್ಯಾಕಿಂಗ್ ಅನ್ನುತ್ತೇವೆ. ನನಗೆ ಕೆರೆ ಇದೆ. ನೀರಿಲ್ಲದೆ ರೊಬಸ್ಟಾ ಹಾಕಿದವರ ಮೊಗ್ಗು ಗಿಡದಲ್ಲೇ ಒಣಗಿದ್ದನ್ನು ನೋಡಿದ್ದೇನೆ.

ಕಣದಂಗಳ (ಮೂಡಿಗೆರೆ)

ನಾನು ಕೇಳಬೇಕೆಂದಿದ್ದೂ ಅದನ್ನೇ. ಲೆಕ್ಕ ಹಾಕೋಣ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ಹೂವಿಗೆ ಒಂದೂವರೆ ಇಂಚು ಹಿಡಿಯಿರಿ. 4 ಎಕರೆಗೆ 6 ಲಕ್ಷ ಲೀಟರ್. ಬ್ಯಾಕಿಂಗ್‌ಗೆ ಬೇರೆ. ಬೆರಳು ಗಾತ್ರದ ಹಳ್ಳದಿಂದ ಇದು ಆಗುತ್ತದಾ? ಕೆಳಗಿನ ಮನೆಯವರ ಅಡಿಕೆಗೂ ಅದೇ ನೀರು ಇರಬಹುದು.

ಇನ್ನೊಂದು ಲೆಕ್ಕ. 6 ಅಡಿಗೆ 6 ಅಡಿ ಅಂತರದಲ್ಲಿ ಎಕರೆಗೆ ಸುಮಾರು 1,200 ಅರೇಬಿಕಾ ಗಿಡ. ನಿಮ್ಮ 4 ಎಕರೆಗೆ 4,800. ಅದರಲ್ಲಿ ಎರಡು ವರ್ಷಕ್ಕೆ 600 ಹೋದರೆ ನೂರಕ್ಕೆ ಸುಮಾರು ಹನ್ನೆರಡು. ಬೇಸರದ ಸಂಗತಿ, ಒಪ್ಪುತ್ತೇನೆ. ಆದರೆ ಆ ಹನ್ನೆರಡಕ್ಕಾಗಿ ಉಳಿದ ಎಂಬತ್ತೆಂಟನ್ನೂ ಕೀಳುತ್ತೀರಾ? ಕಿತ್ತ ಮೇಲೆ ರೊಬಸ್ಟಾ ಫಸಲು ಕೈಗೆ ಹತ್ತಲು ನಾಲ್ಕೈದು ವರ್ಷ. ಅಲ್ಲಿವರೆಗೆ ಮನೆ ಹೇಗೆ ನಡೆಯಬೇಕು? ಮೆಣಸೊಂದೇ ಸಾಕಾಗುವುದಿಲ್ಲ.

ಕ್ಯೂರಿಂಗ್ ವರ್ಕ್ಸ್ ಹಳಬ (ಹಾಸನ)

ರೇಟಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿಯ ಸಿಪ್ಪೆ ತೆಗೆದು ಹಸನು ಮಾಡುವ ಕಡೆ, ಕೆಲಸ ಮಾಡಿದೆ. ಬೆಲೆ ಏರಿದ್ದನ್ನೂ ನೋಡಿದೆ, ಬಿದ್ದದ್ದನ್ನೂ ನೋಡಿದೆ.

1942ರಲ್ಲಿ ಕಾಫಿ ಕಾಯ್ದೆ ಬಂತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಕೈತಪ್ಪಿತ್ತು. ಬೆಳೆಗಾರ ತನ್ನ ಕಾಫಿ ಎಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಒಟ್ಟು ದಾಸ್ತಾನಿಗೆ) ಹಾಕಬೇಕಿತ್ತು. ಮಂಡಳಿ ಹರಾಜು ಹಾಕಿ ಕಂತುಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಬೈಯುವವರು ಬಹಳ ಇದ್ದರು, ದುಡ್ಡು ತಡ ಆಗುತ್ತಿತ್ತು. ಆದರೆ ಸಣ್ಣ ಬೆಳೆಗಾರ ರಾತ್ರಿ ಬೆಲೆ ನೋಡಿ ಎದೆ ಒಡೆದುಕೊಳ್ಳಬೇಕಿರಲಿಲ್ಲ. 1992ರಿಂದ ಸ್ವಲ್ಪ ಸ್ವಲ್ಪ ಸಡಿಲ ಮಾಡಿ 1996ರಲ್ಲಿ ಪೂರ್ತಿ ಬಿಟ್ಟರು. ಶುರುವಿನಲ್ಲಿ ಒಳ್ಳೆ ಬೆಲೆ ಸಿಕ್ಕಿತು. ಮನೆಗಳು ಎದ್ದವು, ಜೀಪುಗಳು ಬಂದವು, ಸಾಲವೂ ಬಂತು. ಅದೇ ಹೊತ್ತಿಗೆ ವಿಯೆಟ್ನಾಂ ರೊಬಸ್ಟಾ ಬೆಳೆದು ಸುರಿಯಿತು. 2001–02ಕ್ಕೆ ಬೆಲೆ ನೆಲ ಕಚ್ಚಿತು. ಕುಯ್ಲಿನ ಕೂಲಿ ಹುಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟವರು ನನಗೆ ಗೊತ್ತು.

ಬೆಲೆ ಏರುವುದೂ ನಮ್ಮ ಕೈಯಲ್ಲಿಲ್ಲ. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದು ತೋಟಗಳೇ ಸುಟ್ಟಂತಾದವು. ಎರಡು ವರ್ಷ ಇಡೀ ಲೋಕದಲ್ಲಿ ಕಾಫಿಗೆ ಚಿನ್ನದ ಬೆಲೆ. 1989ರಲ್ಲಿ ದೇಶದೇಶಗಳ ನಡುವಿನ ಕೋಟಾ ಒಪ್ಪಂದ ಮುರಿಯಿತು, ಬೆಲೆ ಬಿತ್ತು. ಮೊನ್ನೆ 2024ರಲ್ಲಿ ವಿಯೆಟ್ನಾಂನಲ್ಲಿ ಬರ ಬಂದು ರೊಬಸ್ಟಾ ಹಿಂದೆಂದೂ ಕಾಣದ ಬೆಲೆಗೆ ಹೋಯಿತು. ಅಪ್ಪ ನೋಡುತ್ತಿರುವುದು ಆ ಬೆಲೆಯನ್ನು. ನೀವು ಇಂದು ನೆಟ್ಟ ಗಿಡ ಫಸಲು ಕೊಡುವಾಗ ಇರುವ ಬೆಲೆ ಅದಲ್ಲ.

ಜಿಮ್ಮಾ ನೋಡಿದವಳು (ಮೈಸೂರು)

ನನ್ನ ಮಾತು ಸ್ವಲ್ಪ ದೂರದ್ದು. ನಾನು ಇಥಿಯೋಪಿಯಾದಲ್ಲಿ ಆರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ. ಜಿಮ್ಮಾ ಪಟ್ಟಣದ ಹತ್ತಿರ. ಅದರ ಪಕ್ಕದ ಸೀಮೆಯ ಹೆಸರೇ ಕಾಫಾ.

ಅಲ್ಲಿ ಕಾಫಿಗೆ ಬುನ್ನ ಅನ್ನುತ್ತಾರೆ. ಮನೆಗೆ ಹೋದರೆ ನೆಲಕ್ಕೆ ಹಸಿ ಹುಲ್ಲು ಹರಡಿರುತ್ತದೆ. ಮನೆಯ ಹೆಣ್ಣುಮಗಳು ನಿಮ್ಮ ಎದುರೇ ಹಸಿರು ಬೀಜ ತೊಳೆದು, ಕೆಂಡದ ಮೇಲೆ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಖದ ಹತ್ತಿರ ತರುತ್ತಾಳೆ. ಪರಿಮಳ ತಗೊಳ್ಳಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಕಪ್ಪು ಮಣ್ಣಿನ ಕೂಜದಲ್ಲಿ ಕುದಿಸಿ, ಸಣ್ಣ ಬಟ್ಟಲಿಗೆ ಸುರಿಯುತ್ತಾಳೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಮೂರು ಸುತ್ತು. ಮೂರನೆಯದಕ್ಕೆ ಬರಕಾ ಅಂತ ಹೆಸರು, ಅಂದರೆ ಆಶೀರ್ವಾದ. ಅದನ್ನು ಕುಡಿಯದೆ ಏಳಬಾರದು. ಮೊದಲ ಸಲ ನನಗೆ ನಮ್ಮಜ್ಜಿ ಒಲೆ ಮುಂದೆ ಬೀಜ ಹುರಿಯುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು.

ಆದರೆ ನಾನು ಹೇಳಬೇಕಾದದ್ದು ಕಾಡಿನ ಬಗ್ಗೆ. ಅಲ್ಲಿ ಕಾಡಿನೊಳಗೆ ಕಾಫಿ ತಾನಾಗಿ ಬೆಳೆದಿದೆ. ಉದ್ದುದ್ದ ಮರಗಳ ಕೆಳಗೆ, ತಂಪಿನಲ್ಲಿ, ಮಂಜಿನಲ್ಲಿ, ತೆಳ್ಳಗೆ ಎತ್ತರಕ್ಕೆ. ಒಂದು ಗಿಡದ ಎಲೆ ಇನ್ನೊಂದರ ಹಾಗಿಲ್ಲ. ಚಿಗುರು ಒಂದು ಕಡೆ ಕಂದು, ಇನ್ನೊಂದು ಕಡೆ ಹಸಿರು. ಬಿಸಿಲಿನ ಬಯಲು ಅದರ ಜಾಗವೇ ಅಲ್ಲ. ನೀವು ದೊಡ್ಡ ಮರ ಬಿದ್ದ ಇಳಿಜಾರಿನಲ್ಲೇ ಬೋರರ್ ಜಾಸ್ತಿ ಅಂತ ಬರೆದದ್ದನ್ನು ಓದಿ ಆ ಕಾಡು ಕಣ್ಣ ಮುಂದೆ ಬಂತು.

ಗಿಡಮೂಲ (ಬಾಳೆಹೊನ್ನೂರು)

ಅಕ್ಕ ಬಹಳ ಮುಖ್ಯವಾದ ಮಾತು ಹೇಳಿದರು. ಆ ಕಾಡಿನಲ್ಲಿರುವ ವೈವಿಧ್ಯ ನಮ್ಮ ತೋಟದಲ್ಲಿಲ್ಲ. ಏಳು ಬೀಜವೋ ಎಪ್ಪತ್ತೋ, ಇಥಿಯೋಪಿಯಾದಿಂದ ಯೆಮನ್, ಯೆಮನ್‌ನಿಂದ ಇಲ್ಲಿ, ಪ್ರತಿ ಹೆಜ್ಜೆಗೂ ಕೆಲವೇ ಗಿಡ ದಾಟಿ ಬಂದವು. ಅದೂ ಅಲ್ಲದೆ ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಹೊಸ ರಕ್ತ ಸೇರುವುದು ಕಮ್ಮಿ. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಗಾಳಿ, ಜೇನು ತಂದುಕೊಡುತ್ತವೆ.

ಹೀಗಾಗಿ ಒಂದು ರೋಗ ಬಂದರೆ ಎಲ್ಲ ಗಿಡವೂ ಒಟ್ಟಿಗೆ ಸೋಲುತ್ತವೆ. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ಕಾಣಿಸಿಕೊಂಡಿತು. ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಅಲ್ಲಿನ ಕಾಫಿ ಹೆಚ್ಚುಕಡಿಮೆ ಮುಗಿದು ಚಹಾ ಬಂತು. ನಮ್ಮಲ್ಲೂ ಹಳೆಯ 'ಚಿಕ್' ತಳಿ ತುಕ್ಕಿಗೂ ಬೋರರ್‌ಗೂ ಸಿಕ್ಕಿ ಹಾಳಾಯಿತು. 1911ರಲ್ಲಿ ಮೈಸೂರು ಸೀಮೆಯ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಕೆಂಟ್ ಅನ್ನುವ ಪ್ಲಾಂಟರ್ ತುಕ್ಕು ತಡೆಯುವ ಒಂದು ಗಿಡ ಗುರುತಿಸಿದರು. ಅವರ ಹೆಸರೇ ಆ ತಳಿಗೆ ಬಂತು. 1925ರಲ್ಲಿ ಮೈಸೂರು ಸರ್ಕಾರ ನಮ್ಮ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದರ ಹಿಂದಿದ್ದವರು. ಅಲ್ಲಿ 1940ರ ದಶಕದಲ್ಲಿ ಎಸ್. 288 ಅನ್ನುವ ತಳಿ ಮತ್ತು ಕೆಂಟ್ ಸೇರಿಸಿ ಮಾಡಿದ್ದೇ ನಿಮ್ಮ ಎಸ್. 795.

ಈಗ ಅಜ್ಜಿಗೆ ಉತ್ತರ ಹೇಳಬಹುದು. ಕೆಂಟ್ ನಮ್ಮ ಹಳೆಯ ಮೈಸೂರು ಕಾಫಿಯ ಮೊಮ್ಮಗು. ಎಸ್. 288ರಲ್ಲಿ ಅರೇಬಿಕಾದ ಜೊತೆ ಪಶ್ಚಿಮ ಆಫ್ರಿಕಾದ ಲೈಬೀರಿಕಾ ಅನ್ನುವ ಇನ್ನೊಂದು ಕಾಫಿ ಜಾತಿಯ ರಕ್ತವೂ ಇದೆ, ತುಕ್ಕು ತಡೆಯುವ ಶಕ್ತಿ ಬಂದದ್ದು ಅಲ್ಲಿಂದ. ನಿಮ್ಮ ತೋಟದ ಗಿಡಕ್ಕೆ ಒಂದು ಕಡೆ ಬಾಬಾಬುಡನ್ ಗಿರಿಯ ನೆಂಟು, ಇನ್ನೊಂದು ಕಡೆ ಬೇರೆ ಮನೆತನ. ಅಜ್ಜಿಯ ಮಾತು ಸುಳ್ಳಲ್ಲ.

ಬೋರರ್ ವಿಷಯ. ದುಂಬಿ ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ಹಾರುತ್ತದೆ. ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ನೆರಳಿರುವ ಕಡೆ ಬರುವುದು ಕಮ್ಮಿ. ಹುಳು ಕಾಂಡದೊಳಗೆ ಒಂಬತ್ತು ಹತ್ತು ತಿಂಗಳು ಕೊರೆಯುತ್ತದೆ. ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ದುಂಬಿ ಹೊರಬರುವ ಮೊದಲೇ ಟ್ರೇಸಿಂಗ್ ಮುಗಿಯಬೇಕು. ಉಂಗುರದ ಹಾಗೆ ಉಬ್ಬಿದ ಕಾಂಡ ಕಂಡರೆ ಬೇರು ಸಮೇತ ಕಿತ್ತು ಅಂದೇ ಸುಡಬೇಕು. ಸೌದೆಗೆ ಅಂತ ಮನೆ ಹಿಂದೆ ರಾಶಿ ಹಾಕಬೇಡಿ. ಅಲ್ಲಿಂದಲೂ ದುಂಬಿ ಬರುತ್ತದೆ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಲ್ಲಿ ಉಜ್ಜಿ, 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಕ್ಕೆಗೂ (ಕೊಂಬೆಗೂ) ಬಳಿಯಿರಿ.

ಹೂಮಳೆ (ಕಳಸ)

ಅಯ್ಯೋ, ನಾವು ಸುಟ್ಟದ್ದು ಅರ್ಧ ಮಾತ್ರ. ಉಳಿದದ್ದು ಬಚ್ಚಲ ಒಲೆಗೆ ಅಂತ ಕೊಟ್ಟಿಗೆ ಪಕ್ಕ ಒಟ್ಟಿದ್ದೆವು. ಇವತ್ತೇ ಸುಡುತ್ತೇವೆ.

ಸಿದ್ದಾಪುರ ರೊಬಸ್ಟಾ (ಕೊಡಗು)

ಹಳ್ಳದ ಲೆಕ್ಕ, ಆ ಇಳಿಜಾರಿನ ವಿಷಯ ಓದಿ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ನಿಮ್ಮ ನೀರಿಗೆ 4 ಎಕರೆ ರೊಬಸ್ಟಾ ಆಗದು. ಹಳ್ಳದ ಪಕ್ಕ ತಗ್ಗಿನಲ್ಲಿ ಜಾಗ ಇದ್ದರೆ ಅರ್ಧ ಎಕರೆ ಹಾಕಿ ನೋಡಿ. 10 ಅಡಿಗೆ 10 ಅಡಿ ಇಟ್ಟರೆ 220 ಗಿಡ ಸಾಕು. ಅಪ್ಪನ ಮನಸ್ಸಿಗೂ ಸಮಾಧಾನ. ಆದರೆ ಒಂದು ಕೇಳಿಕೊಳ್ಳುತ್ತೇನೆ, ಬಿಸಿಲು ಬೇಕು ಅಂತ ಅತ್ತಿ, ನಂದಿ ಮರ ಕಡಿಸಬೇಡಿ. ನಮ್ಮ ಕಡೆ ರೇಟು ಬಂದ ವರ್ಷ ಕಡಿದವರು ಈಗ ಅಷ್ಟು ನೆರಳು ಮತ್ತೆ ಮಾಡಲು ಆಗದೆ ಒದ್ದಾಡುತ್ತಿದ್ದಾರೆ.

ಹೂಮಳೆ (ಕಳಸ)

ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. 6 ಲಕ್ಷ ಲೀಟರ್ ಅಂದಾಗ ಸುಮ್ಮನಾದರು. ಮರುದಿನ ಬೆಳಿಗ್ಗೆ ನನ್ನನ್ನೇ ಕರೆದುಕೊಂಡು ಮೇಲಿನ ಇಳಿಜಾರಿಗೆ ಹೋದರು. ಗಿಡಗಿಡದ ಕಾಂಡ ಮುಟ್ಟಿ ನೋಡಿದರು. ಮರ ಬಿದ್ದ ಜಾಗದಲ್ಲೇ ಹುಳು, ಹೆಬ್ಬಲಸಿನ ಕೆಳಗೆ ಒಂದೂ ಇಲ್ಲ. ಈಗ ತೀರ್ಮಾನ ಇಷ್ಟು. ಮಳೆ ಹಿಡಿದ ಕೂಡಲೇ ಅಲ್ಲಿ ಹಾಲುವಾಣದ ಗೂಟ ನೆಡುತ್ತೇವೆ, ಬೇಗ ನೆರಳಾಗುತ್ತದೆ. ಮಧ್ಯೆ ಅತ್ತಿ, ಬಸರಿ ಗಿಡ. ಎರಡು ಮಳೆಗಾಲ ಕಳೆದ ಮೇಲೆ ಖಾಲಿ ಗುಂಡಿಗೆ ಅರೇಬಿಕಾ ಸಸಿ. ಹಳ್ಳದ ಪಕ್ಕ ಅರ್ಧ ಎಕರೆ ಮಾತ್ರ ರೊಬಸ್ಟಾ. ಸುಣ್ಣ ತಂದಾಗಿದೆ. ಲೈನ್‌ಮನೆ ಮಗ ಅಣ್ಣನ ಮಾತು ಓದಿ ಅಮ್ಮ ನಮ್ಮಲ್ಲಿ ಕುಯ್ಲಿಗೆ ಬರುವ ಮೂರು ಜನಕ್ಕೆ ಈ ವರ್ಷ ಪ್ಲಾಸ್ಟಿಕ್ ಕೊಪ್ಪೆ, ಬೂಟು ತರಿಸಬೇಕು ಅಂದಿದ್ದಾರೆ.

ಅಜ್ಜಿಗೆ ಡಚ್ಚರು, ಜಾವಾ, ಪ್ಯಾರಿಸ್ ಎಲ್ಲ ಹೇಳಿದೆ. ಗಮನವಿಟ್ಟು ಕೇಳಿ, ಮೂರನೇ ಬಟ್ಟಲಿನ ಹೆಸರು ಏನಂದೆ ಅಂತ ಮತ್ತೊಮ್ಮೆ ಕೇಳಿದರು. ಇಲ್ಲಿ ಒಬ್ಬೊಬ್ಬರಿಗೂ ನನ್ನ ವಂದನೆ.

ಒಂದೇ ಪ್ರಶ್ನೆ ಉಳಿದಿದೆ. ಅರೇಬಿಕಾ ಸಸಿ ನರ್ಸರಿಯಿಂದ ತರುವುದಾ, ನಾವೇ ಮಾಡುವುದಾ? ಮೊದಲೊಮ್ಮೆ ಹೊರಗಿನಿಂದ ತಂದ ಸಸಿ ಯಾವ ತಳಿ ಅಂತಲೇ ಗೊತ್ತಾಗಲಿಲ್ಲ.

ಕಣದಂಗಳ (ಮೂಡಿಗೆರೆ)

ನೀವೇ ಮಾಡಿ ತಂಗಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರಕ್ಕೆ ಮೊದಲೇ ಬೀಜಕ್ಕೆ ಬರೆದು ಹಾಕಿ. ಎಸ್. 795 ಜೊತೆ ಚಂದ್ರಗಿರಿ ತಳಿಯೂ ಸ್ವಲ್ಪ ಕೇಳಿ, ಎರಡೂ ಇರಲಿ. ಕಾಫಿ ಬೀಜ ಬಹಳ ದಿನ ಇಟ್ಟರೆ ಮೊಳೆಯುವುದಿಲ್ಲ, ತಂದ ವಾರದಲ್ಲೇ ಹಾಕಿ. ಡಿಸೆಂಬರ್, ಜನವರಿಯಲ್ಲಿ ಪಾತಿ ಮಾಡಿ. ಬೀಜದ ಚಪ್ಪಟೆ ಮೈ ಕೆಳಗೆ ಬರಬೇಕು, ಇಂಚಿಗೊಂದು. ಮೇಲೆ ತೆಳ್ಳಗೆ ಮಣ್ಣು, ಅದರ ಮೇಲೆ ಬತ್ತದ ಹುಲ್ಲು. ಸುಮಾರು 45 ದಿನಕ್ಕೆ ತಲೆ ಎತ್ತುತ್ತದೆ. ಮೊಳಕೆ ಇನ್ನೂ ಎಳೆಯದಿರುವ ಟೋಪಿ ಹಂತದಲ್ಲಿ ಕಿತ್ತು ಚೀಲಕ್ಕೆ ಹಾಕಿ. ಬೇರು ಸೊಟ್ಟಗಿರುವುದನ್ನು ಆಗಲೇ ಎಸೆಯಿರಿ.

ಗಿಡಮೂಲ (ಬಾಳೆಹೊನ್ನೂರು)

ಚೀಲ 9 ಇಂಚು ಉದ್ದ, 6 ಇಂಚು ಅಗಲ ಇರಲಿ. ಸಣ್ಣ ಚೀಲದಲ್ಲಿ ತಾಯಿಬೇರು ಮಡಚಿಕೊಳ್ಳುತ್ತದೆ. ಬೀಜ ತರಲು ಬಂದಾಗ ನನಗೆ ಇಲ್ಲೇ ಒಂದು ಸಾಲು ಬರೆಯಿರಿ, ಪಾತಿ ಹೇಗೆ ಕಟ್ಟಬೇಕು ಅಂತ ತೋರಿಸುತ್ತೇನೆ.

ಹೂಮಳೆ (ಕಳಸ)

ಖಂಡಿತ ಬರೆಯುತ್ತೇನೆ ಅಣ್ಣ. ಅಪ್ಪನೂ ಬರುತ್ತಾರಂತೆ.